ಇಪ್ಪತ್ತೆಂಟು ಗೋಡೆಗಳ ಮೇಲಿನ ಮುಖ

ಕಾಲೇಜಿನ ಕಕ್ಕಸು ತೊಳೆಯುವ ಹೆಂಗಸಿನ ಫೋಟೋವನ್ನು ಅವಳನ್ನು ಕೇಳದೆ ತೆಗೆದರು. ಅದನ್ನು ಆಳೆತ್ತರಕ್ಕೆ ಅಚ್ಚು ಹಾಕಿಸಿದರು. ಕೆಳಗೆ ದಪ್ಪ ಅಕ್ಷರದಲ್ಲಿ ‘ಮಾದಕ ವ್ಯಸನ ಮನುಷ್ಯರನ್ನು ಹೀಗೆ ಮಾಡುತ್ತದೆ’ ಎಂದು ಬರೆಸಿದರು. ಊರಿನ ಇಪ್ಪತ್ತೆಂಟು ಗೋಡೆಗಳಿಗೆ ಅಂಟಿಸಿದರು.

ಆ ಹೆಂಗಸಿಗೆ ಐವತ್ತೆರಡು ವರ್ಷ. ಓಣಿಯಲ್ಲಿ ಎಲ್ಲರಿಗೂ ದೊಡ್ಡಮ್ಮ. ಕಾಲೇಜಿನಲ್ಲಿ ಫಿನಾಯಿಲಮ್ಮ. ಅವಳಿಗಿದ್ದ ಚಟ ಒಂದೇ, ಬೆಳಿಗ್ಗೆ ಎರಡು ಲೋಟ ಚಹಾ. ಎದೆ ಉರಿಯುತ್ತದೆ ಎಂದು ಎರಡನೆಯದನ್ನೂ ಬಿಟ್ಟು ಆರು ತಿಂಗಳಾಗಿತ್ತು.

ಫೋಟೋ ತೆಗೆದ ದಿನ ನಡೆದದ್ದು ಇಷ್ಟು. ಕಾಲೇಜಿನಲ್ಲಿ ಮಾದಕ ವಸ್ತು ಜಾಗೃತಿ ಸಪ್ತಾಹ ನಡೆಯುವುದಿತ್ತು. ದೊಡ್ಡ ಮನುಷ್ಯರು ಬರುತ್ತಾರೆ, ಬಂದವರು ಕಕ್ಕಸಿಗೂ ಹೋಗುತ್ತಾರೆ, ಹೋದವರಿಗೆ ನೆಲದಲ್ಲಿ ಮುಖ ಕಾಣಬೇಕು. ಹಾಗೆಂದು ಅಪ್ಪಣೆಯಾಗಿತ್ತು. ತೊಳೆಯುವವರ ಮೇಲ್ವಿಚಾರಕನ ಬಾಯಲ್ಲಿ ಇದ್ದದ್ದು ಒಂದೇ ಮಾತು, ಬೇಗ. ಬೇಗ ಬನ್ನಿ, ಬೇಗ ತಿಕ್ಕಿ, ಬೇಗ ಸಾಯಿರಿ. ಅವನಿಗೆ ಬೇಗಣ್ಣ ಎಂದು ಹೆಸರಿಟ್ಟವಳು ದೊಡ್ಡಮ್ಮನ ಜೊತೆ ಕೆಲಸ ಮಾಡುವ ಕತ್ತರಿ. ಅವಳ ನಾಲಿಗೆ ನೋಡಿ ಅವಳಿಗೆ ಕತ್ತರಿ ಎಂದು ಹೆಸರಿಟ್ಟವರು ಉಳಿದವರು.

ಹಸಿರು ಬಾಟಲಿಯಲ್ಲಿ ಆಸಿಡ್. ಬಿಳಿ ಬಾಟಲಿಯಲ್ಲಿ ಬ್ಲೀಚಿಂಗ್ ನೀರು. ಮೊದಲು ಒಂದು ಹಾಕಿ, ತಿಕ್ಕಿ, ನೀರು ಹೊಯ್ದು, ಒಣಗಿದ ಮೇಲೆ ಇನ್ನೊಂದು ಹಾಕಬೇಕು. ಎರಡಕ್ಕೂ ಬಿಡುವು ಬೇಕು. ಬೇಗಣ್ಣನಲ್ಲಿ ಬಿಡುವು ಎಂಬುದೇ ಇಲ್ಲ.

“ಎರಡನ್ನೂ ಒಟ್ಟಿಗೆ ಸುರೀರಿ. ಕಲೆ ಅಲ್ಲೇ ಬಿಡುತ್ತೆ.”

“ಘಾಟು ತಡೆಯೋಕಾಗಲ್ಲ ಬೇಗಣ್ಣ. ಉಸಿರೇ ಸಿಗಲ್ಲ,” ಎಂದಳು ದೊಡ್ಡಮ್ಮ.

“ಏನೂ ಆಗಲ್ಲ. ಹನ್ನೊಂದು ವರ್ಷದಿಂದ ಸುರೀತಿದ್ದೀಯ, ಸತ್ತಿದ್ದೀಯಾ? ಬೇಗ.”

ಸುರಿದಳು. ಹಳದಿ ಹೊಗೆ ಎದ್ದಿತು. ಆ ಸಾಲಿಗೆ ಕಿಟಕಿ ಇಲ್ಲ, ಅಂಗೈಯಗಲದ ಒಂದು ಬೆಳಕಿಂಡಿ ಮಾತ್ರ. ಮಂಡಿಯೂರಿ ಆರು ಗುಂಡಿ ತಿಕ್ಕಿದಳು. ಏಳನೆಯದಕ್ಕೆ ಹೋಗುವಷ್ಟರಲ್ಲಿ ಗಂಟಲು ಯಾರೋ ಹಿಸುಕಿದಂತಾಯಿತು. ಗೋಡೆ ತಡವುತ್ತ ಹೊರಗೆ ಬಂದು ಮೊಗಸಾಲೆಯ ಕಂಬಕ್ಕೆ ಒರಗಿ ಕೂತಳು. ಕಣ್ಣು ಕೆಂಡ. ಮೂಗಿನಲ್ಲಿ ನೀರು. ಬಾಯಿ ತೆರೆದೇ ಇತ್ತು.

ಎದುರಿಗೆ ಕ್ಯಾಮೆರಾ ಹಿಡಿದು ಜಾಗೃತಿ ಮೇಷ್ಟ್ರು ನಿಂತಿದ್ದರು. ಸಪ್ತಾಹದ ಉಸ್ತುವಾರಿ ಅವರದ್ದು. ಪೋಸ್ಟರಿಗೆ ವ್ಯಸನಿಯ ಮುಖ ಹುಡುಕಿ ಹುಡುಕಿ ಸೋತಿದ್ದರು.

“ಆಹಾ!” ಎಂದರು.

ಕ್ಲಿಕ್ ಎಂದಿತು. ನೀರು ಬೇಕೇ ಎಂದು ಕೇಳಲಿಲ್ಲ.

*

ಇಪ್ಪತ್ತೆಂಟರಲ್ಲಿ ಒಂದು ಪೋಸ್ಟರು ದೊಡ್ಡಮ್ಮನ ಓಣಿಯ ನಲ್ಲಿಯ ಪಕ್ಕದ ಗೋಡೆಗೇ ಬಂತು. ಅಂಟಿಸಿದವರಿಗೆ ಅವಳ ಮನೆ ಅಲ್ಲಿದೆ ಎಂದು ಗೊತ್ತಿರಲಿಲ್ಲ. ಅವಳಿಗೆ ಮನೆ ಇದೆ ಎಂಬುದನ್ನೇ ಅವರು ಯೋಚಿಸಿರಲಿಲ್ಲ.

ಮೊದಲ ದಿನ ಓಣಿ ನಕ್ಕಿತು. “ದೊಡ್ಡಮ್ಮ, ಸಿನಿಮಾಕ್ಕೆ ಸೇರಿದ್ರಾ?” ಎಂದಿತು. ಎರಡನೆಯ ದಿನ ಯಾರೋ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದರು. ಮೂರನೆಯ ದಿನದಿಂದ ನಗು ನಿಂತಿತು.

ಪಕ್ಕದ ಮನೆಯ ಹುಡುಗಿ ಹೊಲಿಗೆ ಫ್ಯಾಕ್ಟರಿಗೆ ಹೋಗುವವಳು. ಅವಳದ್ದು ಸಂಜೆ ಪಾಳಿ. ನಾಲ್ಕು ಗಂಟೆಗೆ ತನ್ನ ಏಳು ತಿಂಗಳ ಕೂಸನ್ನು ದೊಡ್ಡಮ್ಮನ ಮಡಿಲಿಗೆ ಹಾಕಿ ಓಡುತ್ತಿದ್ದಳು. ಕೂಸಿನ ಹೆಸರು ಏನೋ ಉದ್ದದ್ದು, ದೊಡ್ಡಮ್ಮನಿಗೆ ಅದು ಗುಬ್ಬಿ. ಕೂಸು ಮಡಿಲಿಗೆ ಬಿದ್ದ ತಕ್ಷಣ ಅವಳ ಮೂಗು ಹಿಡಿದು ಎಳೆಯುತ್ತಿತ್ತು. ದಿನವಿಡೀ ಆಸಿಡ್ ಕುಡಿದ ಮೂಗಿಗೆ ಅದೇ ಮದ್ದು ಎನ್ನುತ್ತಿದ್ದಳು ದೊಡ್ಡಮ್ಮ.

ಮೂರನೆಯ ದಿನ ಹುಡುಗಿ ಬಾಗಿಲಲ್ಲೇ ನಿಂತಳು. “ಇವತ್ತು ಬೇಡ ದೊಡ್ಡಮ್ಮ. ನಮ್ಮತ್ತೆ ಬಂದಿದಾರೆ.”

ಅತ್ತೆ ಬಂದಿರಲಿಲ್ಲ. ಹುಡುಗಿ ಕೂಸನ್ನು ಫ್ಯಾಕ್ಟರಿಗೇ ಕರೆದೊಯ್ದು, ಮಿಷನ್ನಿನ ಕೆಳಗೆ ಚಿಂದಿ ಬಟ್ಟೆ ತುಂಬಿದ ರಟ್ಟಿನ ಡಬ್ಬಿಯಲ್ಲಿ ಮಲಗಿಸುತ್ತಿದ್ದಾಳೆ ಎಂದು ಕತ್ತರಿ ಸುದ್ದಿ ತಂದಳು.

ದೊಡ್ಡಮ್ಮ ಹೋಗಿ ಕೇಳಿದಳು. “ನಾನು ಅಂಥದ್ದೇನೂ ಮುಟ್ಟಲ್ಲ ಕಣೇ. ನಿನಗೆ ಗೊತ್ತಿಲ್ವಾ?”

“ನನಗೆ ಗೊತ್ತು ದೊಡ್ಡಮ್ಮ,” ಹುಡುಗಿ ನೆಲ ನೋಡಿದಳು. “ಆದ್ರೆ ಗೋಡೆ ಮೇಲೆ ಬರೆದಿದಾರಲ್ಲ. ಓದಿದವರು ಬರೆದಿದಾರೆ. ಮನೆಯವರಿಗೆ ನಾನು ಏನಂತ ಹೇಳ್ಲಿ?”

ಕಲೆ ತೆಗೆಯುವುದರಲ್ಲಿ ದೊಡ್ಡಮ್ಮನನ್ನು ಮೀರಿಸುವವರು ಇರಲಿಲ್ಲ. ಈ ಕಲೆಗೆ ಯಾವ ಬಾಟಲಿ ಎಂದು ಅವಳಿಗೆ ಹೊಳೆಯಲಿಲ್ಲ. ಪ್ರಿನ್ಸಿಪಾಲರ ಹತ್ತಿರ ಹೋದಳು.

“ಪೋಸ್ಟರ್ ಕೀಳಿಸಿ ಸಾರ್.”

“ನೋಡಮ್ಮ, ಇದು ಸಮಾಜದ ಕೆಲಸ. ನಿನ್ನ ಮುಖ ನೋಡಿ ಸಾವಿರಾರು ಯುವಕರು ಬದಲಾಗ್ತಾರೆ. ಹೆಮ್ಮೆ ಪಡು.”

“ನಿಮ್ಮ ಮುಖ ಹಾಕಿ ಸಾರ್, ನಾನು ಹೆಮ್ಮೆ ಪಡ್ತೀನಿ.”

ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದ ಕತ್ತರಿ ಬಾಯಿಗೆ ಸೆರಗು ತುರುಕಿಕೊಂಡಳು. ಪ್ರಿನ್ಸಿಪಾಲರು ಗಂಟೆ ಒತ್ತಿ ಇಬ್ಬರನ್ನೂ ಹೊರಗೆ ಕಳಿಸಿದರು.

*

ಮಾದಕ ವಸ್ತುವಿನ ಬಗ್ಗೆ ಆ ಕಾಲೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದಿದ್ದವಳು ದೊಡ್ಡಮ್ಮ. ಕಕ್ಕಸಿಗೆ ಬರುವವರು ಅವಳನ್ನು ಬಕೆಟ್ಟಿನಷ್ಟೇ ಲೆಕ್ಕಕ್ಕೆ ಇಟ್ಟಿದ್ದರು. ಬಕೆಟ್ಟಿನ ಮುಂದೆ ಯಾರೂ ದನಿ ತಗ್ಗಿಸುವುದಿಲ್ಲ. ಯಾವ ಮಾತ್ರೆ ಯಾರಿಂದ ಬರುತ್ತದೆ, ಯಾವುದನ್ನು ಯಾವುದರ ಜೊತೆ ನುಂಗುತ್ತಾರೆ, ಮೇಷ್ಟ್ರು ತರಗತಿಯಲ್ಲಿ ‘ಒಂದೇ ಸಲ ಮುಟ್ಟಿದರೂ ಸಾವು’ ಎಂದ ದಿನ ಎಷ್ಟು ಜನ ಹೊಟ್ಟೆ ಹಿಡಿದು ನಕ್ಕರು, ಎಲ್ಲ ಅವಳ ಕಿವಿಗೆ ಬಿದ್ದಿತ್ತು. ಮಾತ್ರೆಯ ಖಾಲಿ ಪಟ್ಟಿಗಳನ್ನು ಅವಳೇ ಗುಡಿಸುತ್ತಿದ್ದಳು. ಸಿರಿಂಜುಗಳನ್ನು ಯಾರ ಕೈಗೂ ಚುಚ್ಚದಂತೆ ಹಳೇ ಡಬ್ಬಿಗೆ ಹಾಕುತ್ತಿದ್ದವಳೂ ಅವಳೇ. ಒಮ್ಮೆ ಸೂಜಿ ಕೈಗೆ ಚುಚ್ಚಿ, ಯಾವ ರೋಗ ಬಂತೋ ಎಂದು ಮೂರು ತಿಂಗಳು ಹೆದರಿ ಬದುಕಿದ್ದೂ ಉಂಟು.

ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಎರಡನೇ ಮಹಡಿಯ ಕಕ್ಕಸಿನಿಂದ ಇಬ್ಬರು ಹುಡುಗರು ಓಡಿ ಹೋದರು. ಮೂರನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಗೊರಕೆಯಂಥ ಸದ್ದು, ನಡುವೆ ತುಂಬ ಹೊತ್ತು ಏನೂ ಇಲ್ಲ. ಗೋಡೆಯ ಕಲೆ ಕೆರೆಯುವ ತಗಡನ್ನು ಸಂದಿಗೆ ತೂರಿಸಿ ಚಿಲಕ ಎತ್ತಿದಳು. ಒಬ್ಬ ಉದ್ದನೆಯ ಹುಡುಗ ಗೋಡೆಗೆ ಮಡಿಚಿಕೊಂಡು ಬಿದ್ದಿದ್ದ. ತುಟಿ ನೀಲಿ. ರೆಪ್ಪೆ ಬಿಡಿಸಿ ನೋಡಿದಳು, ಕಣ್ಣಿನ ಕರಿಬೊಟ್ಟು ಸೂಜಿಮೊನೆಯಷ್ಟಾಗಿತ್ತು. ಹಿಂದೆ ಅವಳು ಆಸ್ಪತ್ರೆಯ ವಾರ್ಡಿನಲ್ಲಿ ನೆಲ ಒರೆಸಿದವಳು. ಅಲ್ಲಿನ ನರ್ಸಮ್ಮ ತೋರಿಸಿಕೊಟ್ಟಿದ್ದು ಕೈಗೆ ನೆನಪಿತ್ತು. ಮಗ್ಗುಲಿಗೆ ತಿರುಗಿಸಿದಳು. ಬಾಯೊಳಗೆ ಇದ್ದುದನ್ನು ಬೆರಳಿನಿಂದ ತೆಗೆದಳು. ಬೆನ್ನಿಗೆ ತನ್ನ ಮೊಣಕಾಲು ಕೊಟ್ಟು ಕೂತು, ಕೆನ್ನೆ ತಟ್ಟುತ್ತ, “ಉಸಿರಾಡೋ, ಏ ಕತ್ತೆ, ಉಸಿರಾಡೋ” ಎನ್ನುತ್ತಲೇ ಇದ್ದಳು. ಕತ್ತರಿ ಆಂಬುಲೆನ್ಸಿಗೆ ಫೋನು ಮಾಡಲು ಓಡಿದಳು.

ಹುಡುಗ ಬದುಕಿದ. ಆಂಬುಲೆನ್ಸು ಹಿಂಬಾಗಿಲಿಂದ ಬಂದು ಹಿಂಬಾಗಿಲಿಂದಲೇ ಹೋಯಿತು. ಪ್ರಿನ್ಸಿಪಾಲರು ಅವಳನ್ನು ಕರೆದು, “ನೀನು ಏನೂ ನೋಡಿಲ್ಲ” ಎಂದರು. ನೆಲ ತೊಳೆಯಲು ಹೇಳಿದರು. ತೊಳೆದಳು.

ಆ ಉದ್ದನೆಯವನೇ ಈಗ ಎದೆಗೆ ‘ಮಾದಕ ಮುಕ್ತ ನಾನು’ ಬಿಲ್ಲೆ ಚುಚ್ಚಿಕೊಂಡು ಸಪ್ತಾಹದ ಸ್ವಯಂಸೇವಕನಾಗಿದ್ದ. ದೊಡ್ಡಮ್ಮ ಎದುರಾದರೆ ಸೂಚನಾ ಫಲಕವನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ.

*

ಸಮಾರೋಪಕ್ಕೆ ಬರಬೇಕಾದ ಮುಖ್ಯ ಅತಿಥಿ ಒಬ್ಬ ಹಿರಿಯ ಅಧಿಕಾರಿ. ಕಚೇರಿಗೆ ಹೋಗುವ ದಾರಿಯಲ್ಲಿ ಪೋಸ್ಟರು ನೋಡಿ ಕರಗಿ ಹೋಗಿದ್ದರು. ಆ ತಾಯಿಯನ್ನು ವೇದಿಕೆಯ ಮೇಲೆ ಕಾಣಬೇಕು, ಅವರ ಬಾಯಿಂದಲೇ ಕಥೆ ಕೇಳಬೇಕು ಎಂದು ಫೋನು ಮಾಡಿಸಿದರು.

ಪ್ರಿನ್ಸಿಪಾಲರಿಗೆ ಬೆವರು ಕಿತ್ತುಕೊಂಡು ಬಂತು. ದೊಡ್ಡಮ್ಮನಿಗೆ ಮೊದಲ ಬಾರಿಗೆ ಆ ಕೋಣೆಯಲ್ಲಿ ಕುರ್ಚಿ ಸಿಕ್ಕಿತು.

“ಎರಡೇ ನಿಮಿಷ. ಚಟಕ್ಕೆ ಬಿದ್ದಿದ್ದೆ, ಈ ಕಾಲೇಜು ನನ್ನನ್ನ ಮೇಲೆತ್ತಿತು ಅಂತ ಹೇಳು. ಸ್ವಲ್ಪ ಅಳು. ಮುಗೀತು.”

“ಹೇಳದೇ ಇದ್ರೆ?”

“ನಾಳೆಯಿಂದ ಬರೋದು ಬೇಡ.”

“ಹೇಳಿದ್ರೆ?”

“ಅವತ್ತೇ ಇಪ್ಪತ್ತೆಂಟು ಪೋಸ್ಟರ್ ಕೀಳಿಸ್ತೀನಿ. ಮಾತು ಕೊಟ್ಟೆ.”

ದೊಡ್ಡಮ್ಮ ಕುರ್ಚಿಯ ಮೆತ್ತೆಯನ್ನು ಒಮ್ಮೆ ಒತ್ತಿ ನೋಡಿದಳು. “ಆಯ್ತು ಸಾರ್. ಚಟದ ಕಥೆ ಹೇಳ್ತೀನಿ.”

ಜಾಗೃತಿ ಮೇಷ್ಟ್ರು ತಾಲೀಮು ಕೊಟ್ಟರು. ನಾಟಕದ ಗೀಳು ಅವರಿಗೆ ಮೊದಲಿನಿಂದಲೂ ಇತ್ತು.

“ವೇದಿಕೆಗೆ ಬರುವಾಗ ಸ್ವಲ್ಪ ತೂರಾಡಬೇಕಮ್ಮ. ಸೊಂಟ ಬಾಗಲಿ. ಉಸಿರು ಎಳೀರಿ.”

ದೊಡ್ಡಮ್ಮ ತೂರಾಡಿದಳು, ಸೊಂಟ ಬಗ್ಗಿಸಿದಳು, ಉಸಿರು ಎಳೆದಳು.

“ಅದ್ಭುತ! ಎಲ್ಲಿ ಕಲಿತ್ರಿ?”

“ಅದು ಎರಡು ಬಕೆಟ್ ಹೊತ್ಕೊಂಡು ಮೂರನೇ ಮಹಡಿ ಹತ್ತೋ ನಡಿಗೆ ಸಾರ್,” ಎಂದಳು ಬಾಗಿಲಲ್ಲಿ ನಿಂತಿದ್ದ ಕತ್ತರಿ. “ದಿನಾ ಬೆಳಿಗ್ಗೆ ಆಟ ಇರುತ್ತೆ. ಬಂದು ನೋಡಿ.”

“ಇರಲಿ, ಅದನ್ನೇ ಇಟ್ಕೊಳ್ಳಿ. ಈಗ ಕಣ್ಣೀರು.”

“ಬೇಗಣ್ಣನಿಗೆ ಹೇಳಿ ಸಾರ್, ವ್ಯವಸ್ಥೆ ಮಾಡ್ತಾರೆ,” ಎಂದಳು ದೊಡ್ಡಮ್ಮ.

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಬರೆದುಕೊಂಡರು.

ಅಂದು ಸಂಜೆ ಉಗ್ರಾಣದಲ್ಲಿ ಇಬ್ಬರೂ ಹೆಂಗಸರು ಒಂದು ಖಾಲಿ ಹಸಿರು ಬಾಟಲಿ, ಒಂದು ಖಾಲಿ ಬಿಳಿ ಬಾಟಲಿ ಹುಡುಕಿ ತೆಗೆದು ಏಳು ಸಲ ತೊಳೆದರು. ಕತ್ತರಿಗೆ ನಗು ತಡೆಯಲಾಗುತ್ತಿರಲಿಲ್ಲ. ದೊಡ್ಡಮ್ಮ ಮಾತ್ರ ನಗಲಿಲ್ಲ. “ಕೆಲಸ ಹೋದ್ರೆ?” ಎಂದಳು.

“ಹೋದ್ರೆ ಹೋಗ್ಲಿ ಅಕ್ಕ. ಕೂಸು ಡಬ್ಬೀಲಿ ಮಲಗಿದೆ.”

*

ಸಭಾಂಗಣದಲ್ಲಿ ಆರುನೂರು ತಲೆ. ವೇದಿಕೆಯ ಮೇಲೆ ಪ್ರಿನ್ಸಿಪಾಲರು, ಮುಖ್ಯ ಅತಿಥಿ, ಹಿಂದೆ ಗೋಡೆಯಗಲದ ದೊಡ್ಡಮ್ಮನ ಮುಖ. ಮುಂದಿನ ಸಾಲಿನಲ್ಲಿ ಬಿಲ್ಲೆಯ ಉದ್ದನೆಯವನು. ಬಾಗಿಲ ಹತ್ತಿರ ಗಣ್ಯರಿಗೆ ಚಹಾದ ತಟ್ಟೆ ಹಿಡಿದು ಬೇಗಣ್ಣ.

ದೊಡ್ಡಮ್ಮ ಕೈಚೀಲ ಹಿಡಿದು ಹತ್ತಿದಳು. ತೂರಾಡಲಿಲ್ಲ. ಮೈಕಿನ ಮುಂದೆ ನೆಟ್ಟಗೆ ನಿಂತಳು.

“ನನಗೆ ಹನ್ನೊಂದು ವರ್ಷದಿಂದ ಚಟ ಇದೆ.”

ಮೇಷ್ಟ್ರು ಹೆಬ್ಬೆರಳು ಎತ್ತಿ ತೋರಿಸಿದರು.

“ಬೆಳಿಗ್ಗೆ ಆರೂವರೆಗೆ ಶುರು. ಖಾಲಿ ಹೊಟ್ಟೇಲೇ. ದಿನಕ್ಕೆ ನಾಲ್ಕು ಸಲ, ಕಿಟಕಿ ಇಲ್ಲದ ಕೋಣೇಲಿ. ಮೊದಲು ಮೂಗು ಉರಿಯುತ್ತೆ. ಆಮೇಲೆ ಕಣ್ಣು. ಆಮೇಲೆ ಎದೆ ಒಳಗೆ ತಂತಿ ಬ್ರಷ್ ಹಾಕಿ ಯಾರೋ ತಿಕ್ಕಿದ ಹಾಗೆ. ಈಗ ಮೂಗು ಸತ್ತಿದೆ. ಪಕ್ಕದ ಮನೆ ಕೂಸಿನ ನೆತ್ತಿ ಮೂಸಿದ್ರೂ ವಾಸನೆ ಗೊತ್ತಾಗಲ್ಲ.”

ಮುಖ್ಯ ಅತಿಥಿ ಕರವಸ್ತ್ರ ತೆಗೆದರು. “ಬಿಡೋದಕ್ಕೆ ಪ್ರಯತ್ನ ಮಾಡ್ಲಿಲ್ವೇನಮ್ಮ?”

“ಮಾಡಿದೆ ಸಾರ್. ಬಿಟ್ರೆ ಕೆಲಸದಿಂದ ತೆಗೀತೀವಿ ಅಂದ್ರು.”

ಅತಿಥಿ ಕನ್ನಡಕ ಸರಿಪಡಿಸಿಕೊಂಡರು. “ಯಾರು? ನಿಮಗೆ ಇದನ್ನ ಕೊಡ್ತಿದ್ದವರು ಯಾರು? ಹೆದರಬೇಡಿ, ಹೇಳಿ. ಪೊಲೀಸರು ಇಲ್ಲೇ ಇದಾರೆ.”

“ಅವರೂ ಇಲ್ಲೇ ಇದಾರೆ ಸಾರ್. ಬಾಗಿಲ ಹತ್ರ, ಚಹಾ ಹಿಡ್ಕೊಂಡು.”

ಆರುನೂರು ತಲೆಗಳು ಬೇಗಣ್ಣನ ಕಡೆ ತಿರುಗಿದವು.

ದೊಡ್ಡಮ್ಮ ಚೀಲದಿಂದ ಹಸಿರು ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟಳು. ಪಕ್ಕಕ್ಕೆ ಬಿಳಿ ಬಾಟಲಿ. ಅತಿಥಿಗಳಿಗೆಂದು ಇಟ್ಟಿದ್ದ ಹೂದಾನಿಯಿಂದ ಹೂ ಎತ್ತಿ ಬದಿಗಿಟ್ಟಳು. “ಹೇಗೆ ತಗೋತೀನಿ ಅಂತ ತೋರಿಸ್ತೀನಿ,” ಎಂದು ಹಸಿರು ಬಾಟಲಿಯನ್ನು ಹೂದಾನಿಗೆ ಸುರಿದಳು. ಬಿಳಿ ಬಾಟಲಿಯ ಮುಚ್ಚಳ ತಿರುಗಿಸಿದಳು.

“ಬೆರೆಸಬೇಡ!” ಬೇಗಣ್ಣ ಕಿರುಚಿದ. ತಟ್ಟೆ ಕೆಳಗೆ ಬಿತ್ತು. “ಬೆರೆಸಬೇಡ ಕಣೇ! ಹೊರಗೆ ಓಡಿ ಸಾರ್, ಓಡಿ!”

“ಯಾಕೆ ಬೇಗಣ್ಣ?”

“ವಿಷದ ಗಾಳಿ ಎದ್ದೇಳುತ್ತೆ! ಎಲ್ಲಾರೂ ಉಸಿರು ಕಟ್ಟಿ ಸಾಯ್ತೀವಿ!”

“ನಮಗೆ ಏನೂ ಆಗಲ್ಲ ಅಂದಿದ್ರಲ್ಲ.”

ಬೇಗಣ್ಣನ ಬಾಯಿ ತೆರೆದೇ ಉಳಿಯಿತು. ಪೋಸ್ಟರಿನಲ್ಲಿದ್ದಷ್ಟೇ ಅಗಲವಾಗಿ.

ದೊಡ್ಡಮ್ಮ ಬಿಳಿ ಬಾಟಲಿಯನ್ನೂ ಸುರಿದಳು. ಅಷ್ಟರಲ್ಲಿ ಪ್ರಿನ್ಸಿಪಾಲರು ಕುರ್ಚಿಯ ಹಿಂದೆ ಕೂತಾಗಿತ್ತು. ಅವಳು ಹೂಗಳನ್ನು ಮತ್ತೆ ಹೂದಾನಿಗೆ ಹಾಕಿದಳು. “ನೀರು ಸಾರ್. ಬರೀ ನೀರು. ಎದ್ದೇಳಿ.”

ಹುಡುಗರು ನಕ್ಕ ಸದ್ದಿಗೆ ತಗಡಿನ ಮಾಡು ನಡುಗಿತು. ಅವಳು ನಗು ಇಳಿಯುವ ತನಕ ಕಾದಳು.

“ಈ ಫೋಟೋ ಆ ಗಾಳಿ ಕುಡಿದ ಮುಖದ್ದು. ನೋಡಿ, ಕಣ್ಣು ಎಷ್ಟು ಕೆಂಪು. ಮಾತ್ರೆ ನುಂಗಿ ಮೈಮರೆತವನ ಕಣ್ಣು ಹೀಗಿರಲ್ಲ. ಕರಿಬೊಟ್ಟು ಸೂಜಿಮೊನೆ ಆಗಿರುತ್ತೆ. ತುಟಿ ನೀಲಿ. ಉಸಿರು ಗೊರಕೆ ಹೊಡೆದು ನಿಲ್ಲುತ್ತೆ. ಇದನ್ನ ಪೋಸ್ಟರಲ್ಲಿ ಬರೆದಿದ್ರೆ ಯಾರಿಗಾದ್ರೂ ಉಪಯೋಗ ಆಗ್ತಿತ್ತು.”

“ಸಾಕು, ಇಳಿ,” ಎಂದರು ಪ್ರಿನ್ಸಿಪಾಲರು ಹಲ್ಲು ಕಚ್ಚಿ.

“ಎರಡು ನಿಮಿಷ ಕೊಟ್ಟಿದೀರಿ ಸಾರ್. ಒಂದು ನಿಮಿಷ ನೀವೇ ಕೆಳಗೆ ಕೂತಿದ್ರಿ.” ಹುಡುಗರ ಕಡೆ ತಿರುಗಿದಳು. “ಮಕ್ಕಳೇ, ಒಂದೇ ಸಲಕ್ಕೆ ಸಾಯ್ತೀರಿ ಅಂತ ಮೇಷ್ಟ್ರು ಹೇಳಿದ್ರು. ನೀವು ಕಕ್ಕಸಿಗೆ ಬಂದು ನಕ್ಕಿದ್ದು ಕೇಳಿಸ್ಕೊಂಡಿದೀನಿ. ನಾಲ್ಕನೇ ಸಲ ಕಣೋ, ಇನ್ನೂ ಸತ್ತಿಲ್ಲ ಅಂತ ಒಬ್ಬ ಅಂದ. ನಾನೂ ಮೊದಲನೇ ದಿನ ಸಾಯ್ಲಿಲ್ಲ. ಹನ್ನೊಂದು ವರ್ಷಕ್ಕೆ ಮೆಟ್ಲು ಹತ್ತಿದ್ರೆ ಉಸಿರು ಸಿಗದೇ ಇರೋ ಹಾಗಾದೆ. ಅದು ಒಂದು ಥರ. ಎರಡು ಬಾಟ್ಲಿ ಸೇರಿದ ದಿನ ಇನ್ನೊಂದು ಥರ, ಅದಕ್ಕೆ ಹತ್ತೇ ನಿಮಿಷ ಸಾಕು. ನೋವಿನ ಮಾತ್ರೆ ಮೇಲೆ ಹೆಂಡ ಸುರೀತೀರಲ್ಲ, ಅದೂ ಎರಡು ಬಾಟ್ಲೀನೇ. ಆ ಮಾತ್ರೆ ಪಟ್ಟೀಲಿ ನಿಜಕ್ಕೂ ಏನಿದೆ ಅಂತ ಮಾರೋನಿಗೂ ಗೊತ್ತಿರಲ್ಲ. ಮುಟ್ಟದೇ ಇದ್ರೆ ಒಳ್ಳೇದು. ಮುಟ್ಟಿ ಒಬ್ಬ ಬಿದ್ರೆ, ಬಿಟ್ಟು ಓಡಬೇಡಿ. ಮಗ್ಗುಲಿಗೆ ತಿರುಗಿಸಿ. ಆಂಬುಲೆನ್ಸಿಗೆ ಫೋನ್ ಮಾಡಿ. ಪಕ್ಕದಲ್ಲೇ ಇರಿ. ಏನು ನುಂಗಿದಾನೆ ಅಂತ ಡಾಕ್ಟರ ಹತ್ರ ನಿಜ ಹೇಳಿ. ಎರಡನೇ ಮಹಡೀಲಿ ಒಬ್ಬನ್ನ ಬಿಟ್ಟು ಇಬ್ಬರು ಓಡಿದ್ರು. ನನ್ನ ತಗಡು ಚಿಲಕಕ್ಕೆ ಸಿಗದೇ ಇದ್ದಿದ್ರೆ ಅವನು ಇವತ್ತು ಇರ್ತಿರಲಿಲ್ಲ.”

ಮುಖ್ಯ ಅತಿಥಿ ಪ್ರಿನ್ಸಿಪಾಲರ ಕಡೆ ನೋಡಿದರು. ಪ್ರಿನ್ಸಿಪಾಲರು ಎದ್ದು ನಿಂತರು.

“ಸುಳ್ಳು! ನಮ್ಮ ಕಾಲೇಜಲ್ಲಿ ಅಂಥದ್ದು ನಡೆದೇ ಇಲ್ಲ. ನಡೆದಿದ್ರೆ ಯಾರು ಆ ಹುಡುಗ? ಹೆಸರು ಹೇಳು. ಕೈ ಮಾಡಿ ತೋರಿಸು. ಈಗಲೇ ಟಿ.ಸಿ. ಕೊಟ್ಟು ಕಳಿಸ್ತೀನಿ.”

ಮುಂದಿನ ಸಾಲಿನಲ್ಲಿ ಬಿಲ್ಲೆಯ ಮೇಲೆ ಒಂದು ಕೈ ಬಂದು ಮುಚ್ಚಿಕೊಂಡಿತು. ದೊಡ್ಡಮ್ಮನ ಕಣ್ಣು ಆ ಸಾಲಿನ ಮೇಲೆ ಹಾದು, ಎಲ್ಲೂ ನಿಲ್ಲದೆ ಮುಂದೆ ಹೋಯಿತು.

“ಹೇಳಲ್ಲ ಸಾರ್. ಹೇಳಿದ್ರೆ ಮುಂದಿನವನು ಬಿದ್ದಾಗ ಜೊತೇಲಿದ್ದವರೆಲ್ಲ ಓಡ್ತಾರೆ, ಯಾರೂ ಫೋನ್ ಮಾಡಲ್ಲ.”

“ಹಾಗಾದ್ರೆ ಸುಳ್ಳು ಅಂತ ಒಪ್ಕೊ.”

“ಸುಳ್ಳು ಇದು,” ಎಂದು ಹಿಂದಿನ ಗೋಡೆಯ ಮುಖವನ್ನು ತೋರಿಸಿದಳು. “ಕೀಳಿಸ್ತೀನಿ ಅಂತ ಮಾತು ಕೊಟ್ಟಿದ್ರಿ.”

ಸಭೆಯ ಹಿಂದಿನಿಂದ ಯಾರೋ “ಕೀಳ್ಸಿ ಸಾರ್” ಎಂದರು. ಇನ್ನೊಂದು ಮೂಲೆಯಿಂದ ಇನ್ನೊಂದು ದನಿ. ಅತಿಥಿ ಗಂಟಲು ಸರಿಮಾಡಿಕೊಂಡು, “ಮಾತು ಕೊಟ್ಟಿದ್ರೆ ಕೀಳಿಸಿಬಿಡಿ,” ಎಂದರು. ಪ್ರಿನ್ಸಿಪಾಲರ ಕಿವಿಗಳು ಪೋಸ್ಟರಿನ ಕಣ್ಣುಗಳಷ್ಟೇ ಕೆಂಪಾಗಿದ್ದವು. ಮೈಕಿಗೆ ಕೈ ಅಡ್ಡ ಹಿಡಿದರು.

“ಸರಿ, ಹೋಗು. ತಗಡು ತಗೊ, ಬಕೆಟ್ ತಗೊ. ಸಂಜೆ ಒಳಗೆ ಇಪ್ಪತ್ತೆಂಟೂ ಕಿತ್ತು, ಗೋಡೆ ತೊಳೆದು ಬಾ. ಸದ್ದಿಲ್ಲದೆ.”

ದೊಡ್ಡಮ್ಮ ಚೀಲಕ್ಕೆ ಕೈ ಹಾಕಿದಳು. ಆ ತಗಡು ಅಲ್ಲೇ ಇತ್ತು, ಅಂಚು ಸವೆದು, ಹಿಡಿಗೆ ಹಳೇ ಬಟ್ಟೆ ಸುತ್ತಿದ್ದು. ಅದನ್ನು ತೆಗೆದು ಮೇಜಿನ ಮೇಲೆ, ಹೂದಾನಿಯ ಪಕ್ಕ, ಪ್ರಿನ್ಸಿಪಾಲರ ಕೈಗೆ ಎಟಕುವಂತೆ ಇಟ್ಟಳು. ಜಾಗೃತಿ ಮೇಷ್ಟ್ರನ್ನೂ ಹತ್ತಿರ ಬರುವಂತೆ ಕೈಬೀಸಿ ಕರೆದಳು. ಅತಿಥಿಯ ಪಕ್ಕದ ಖಾಲಿ ಕುರ್ಚಿ ಎಳೆದುಕೊಂಡು ಕೂತಳು.

“ನಾನು ಕೀಳಲ್ಲ ಸಾರ್. ಅಂಟಿಸಿದವರು ಕೀಳಿ. ಮೊದಲು ನಮ್ಮ ಓಣಿ ನಲ್ಲಿ ಹತ್ರದ್ದು. ನಾಲ್ಕು ಗಂಟೆ ಒಳಗೆ ಬನ್ನಿ, ತಡ ಮಾಡಬೇಡಿ. ಆಮೇಲೆ ಪಕ್ಕದ ಮನೆ ಹುಡುಗಿ ಕೂಸನ್ನ ಎತ್ಕೊಂಡು ಫ್ಯಾಕ್ಟರಿಗೆ ಹೊರಟುಬಿಡ್ತಾಳೆ.”